ಸೀಸೆಯ ಮೇಲಣ ಹೆಸರು

ವ್ಯಾಕರಣವನ್ನು ಕಲಿಸುವವನಿಗೆ 'ಪ್ರಯೋಗ'ವೆಂಬುದು ನಿರಪಾಯವಾದ ಮಾತು. ಕರ್ತರಿ ಪ್ರಯೋಗವನ್ನು ಕರ್ಮಣಿಗೆ ತಿರುಗಿಸುವಾಗ ವಿದ್ಯಾರ್ಥಿಯು ತಪ್ಪಿದರೆ ಒಂದು ಅಂಕ ಹೋದೀತು, ಕಣ್ಣು ಹೋಗುವುದಿಲ್ಲ. ಅದೇ ಕಾಲೇಜಿನ ಇನ್ನೊಂದು ಕಟ್ಟಡದಲ್ಲಿ, ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ, ಅದೇ ಮಾತಿಗೆ ಬೇರೆಯೇ ತೂಕ. ಅಲ್ಲಿ ಹೆಸರು ತಪ್ಪಿದರೆ, ಕ್ರಮ ತಪ್ಪಿದರೆ, ಗಾಜು ಸಿಡಿದೀತು. ಉಟ್ಟ ಬಟ್ಟೆಗೆ ಬೆಂಕಿ ಹತ್ತೀತು.

ರಸಾಯನಶಾಸ್ತ್ರದ ಮಾತಿನಲ್ಲಿ ಕನ್ನಡದ ಅಧ್ಯಾಪಕನಿಗೆ ಏನು ಕೆಲಸವೆಂದು ವಾಚಕರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಪ್ರಯೋಗಶಾಲೆಯ ಕ್ಷೇಮವು ಮೂರನ್ನು ಅವಲಂಬಿಸಿದೆ: ತಕ್ಕ ಸಲಕರಣೆ, ತಕ್ಕ ನಿಯಮ, ಇವೆರಡರ ಹಿಂದಿರುವ ಕಾರಣದ ತಿಳಿವು. ಮೊದಲನೆಯದನ್ನು ಹಣ ಕೊಟ್ಟು ತರಬಹುದು. ಎರಡನೆಯದನ್ನು ಗೋಡೆಗೆ ಅಂಟಿಸಬಹುದು. ಮೂರನೆಯದು ಮಾತ್ರ ಭಾಷೆಯ ಮೂಲಕವೇ ಮನಸ್ಸಿಗೆ ಇಳಿಯಬೇಕು. ಅಷ್ಟರ ಮಟ್ಟಿಗೆ ಇದು ಭಾಷೆಯನ್ನು ಕಲಿಸುವವನ ಪಾಲಿನ ಕೆಲಸವೂ ಹೌದು.

ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನಲ್ಲಿ ಚೋರನೂರು ಒಂದು ಹೋಬಳಿಯ ಊರು. ಅಲ್ಲಿಂದ ಹೊರಡುವ ಹುಡುಗನೋ ಹುಡುಗಿಯೋ ಹತ್ತನೆಯ ತರಗತಿಯವರೆಗೆ ವಿಜ್ಞಾನವನ್ನು ಕನ್ನಡದಲ್ಲಿ ಓದಿರುವುದು ಸಾಮಾನ್ಯ. ಮುಂದೆ ಪಿ.ಯು. ತರಗತಿಯಲ್ಲಿ ಪುಸ್ತಕವು ಇಂಗ್ಲಿಷಿಗೆ ತಿರುಗುತ್ತದೆ. ಪದವಿಗೆ ಹೊಸಪೇಟೆಯೋ ಬಳ್ಳಾರಿಯೋ. ಅದರಾಚೆಗೆ 2010ರಲ್ಲಿ ಸ್ಥಾಪಿತವಾದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ. ಆ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವೊಂದು ಇದೇ ತಾಲ್ಲೂಕಿನ ನಂದಿಹಳ್ಳಿಯಲ್ಲಿದೆ. ಊರಿನಿಂದ ವಿಶ್ವವಿದ್ಯಾಲಯಕ್ಕೆ ಈಗ ದಾರಿ ದೂರವಲ್ಲ. ಊರಿನ ಮಾತಿನಿಂದ ಸೀಸೆಯ ಮೇಲಿನ ಮಾತಿಗೆ ಇರುವ ದಾರಿಯೇ ದೂರ.

ಆದರೆ ಸೀಸೆಯೊಳಗಿನ ವಸ್ತುವು ಆ ಮಕ್ಕಳಿಗೆ ಅಪರಿಚಿತವೇನಲ್ಲ. ಸಂಡೂರಿನ ಬೆಟ್ಟಗಳು ಕಬ್ಬಿಣದ ಅದಿರಿಗೆ ಹೇಗೋ ಹಾಗೆ ಮ್ಯಾಂಗನೀಸಿಗೂ ಹೆಸರಾದವು. ಮ್ಯಾಂಗನೀಸ್ ಡೈ ಆಕ್ಸೈಡೆಂದು ಹೆಸರು ಹೊತ್ತು ಪ್ರಯೋಗಶಾಲೆಯ ಕಪಾಟಿನಲ್ಲಿ ಕುಳಿತಿರುವ ಕರಿಯ ಪುಡಿ ಈ ಬೆಟ್ಟದ ಕಲ್ಲಿನ ಬಂಧುವೇ. 1774ರಲ್ಲಿ ಸ್ವೀಡನ್ ದೇಶದ ಶೀಲೆ ಎಂಬ ಔಷಧಿಕಾರನು ಇಂತಹ ಕರಿಯ ಖನಿಜದ ಮೇಲೆ ಹೈಡ್ರೋಕ್ಲೋರಿಕ್ ಆಮ್ಲವನ್ನು ಸುರಿದು ಹಳದಿ ಹಸಿರು ಬಣ್ಣದ, ಉಸಿರು ಕಟ್ಟಿಸುವ ಹೊಸ ಅನಿಲವೊಂದನ್ನು ಕಂಡನು. ಅದೇ ಇಂದು ನಮ್ಮ ಕುಡಿಯುವ ನೀರನ್ನು ಶುದ್ಧಿಗೊಳಿಸುವ ಕ್ಲೋರಿನ್. ಶೀಲೆಯು ತಾನು ಕಂಡ ವಸ್ತುಗಳನ್ನು ಮೂಸಿ ನೋಡುವುದು ಮಾತ್ರವಲ್ಲ, ನಾಲಗೆಯಲ್ಲಿಟ್ಟು ರುಚಿಯನ್ನು ಬರೆದಿಡುವ ರೂಢಿಯುಳ್ಳವನು. 1786ರಲ್ಲಿ, ನಲವತ್ತಮೂರನೆಯ ವಯಸ್ಸಿನಲ್ಲಿ, ಆತನು ತೀರಿಕೊಂಡನು. ವಿಷವಸ್ತುಗಳ ನಿತ್ಯಸಂಸರ್ಗವೇ ಆತನ ಆಯುಸ್ಸನ್ನು ಕಿರಿದುಗೊಳಿಸಿತೆಂದು ಹಲವರು ನಂಬಿದ್ದಾರೆ. ಪ್ರಯೋಗಶಾಲೆಯಲ್ಲಿ ಏನನ್ನೂ ರುಚಿ ನೋಡಬಾರದು, ಅಲ್ಲಿ ಊಟ ತಿಂಡಿ ಕೂಡದು, ದ್ರವವನ್ನು ಬಾಯಿಂದ ಪಿಪೆಟ್ಟಿಗೆ ಹೀರಬಾರದು ಎಂಬ ನಿಯಮಗಳು ಯಾರೋ ಅಧಿಕಾರಿಗೆ ಹೊಳೆದ ಕಟ್ಟುಪಾಡುಗಳಲ್ಲ. ಅಂಥವರ ದೇಹದಂಡನೆಯಿಂದ ಬಂದ ತಿಳಿವಳಿಕೆಗಳು.

ಈಗ ಚೋರನೂರಿನ ಹೊಲಕ್ಕೆ ಬರೋಣ. ಅಲ್ಲಿಯೂ ಸೀಸೆಯುಂಟು, ಅದು ಕೀಟನಾಶಕದ್ದು. ನಮ್ಮ ದೇಶದ 1971ರ ಕೀಟನಾಶಕ ನಿಯಮಗಳು ಅಂತಹ ಸೀಸೆಗೆ ಒಂದು ಚಿಹ್ನೆಯನ್ನು ವಿಧಿಸಿದವು. ಮೂಲೆಯ ಮೇಲೆ ನಿಲ್ಲಿಸಿದ ಚೌಕ. ಅದರ ಕೆಳಗಿನ ಅರ್ಧದಲ್ಲಿ ಬಣ್ಣ. ಕಡುವಿಷಕ್ಕೆ ಕೆಂಪು, ಅನಂತರ ಹಳದಿ, ನೀಲಿ, ಕೊನೆಗೆ ಹಸಿರು. ಜೊತೆಗಿಡುವ ಕರಪತ್ರವು ಪ್ರಾದೇಶಿಕ ಭಾಷೆಯಲ್ಲಿಯೂ ಇರಬೇಕೆಂದು ವಿಧಿಸಲಾಯಿತು. ಹೀಗಾಗಿ ಅಕ್ಷರ ಬಾರದ ರೈತನಿಗೂ ಕೆಂಪೆಂದರೇನೆಂಬುದು ಗೊತ್ತು. ಅಕ್ಷರ ಬಲ್ಲ ಮಗನು ಕರಪತ್ರವನ್ನು ಕನ್ನಡದಲ್ಲಿಯೇ ಓದಿ ಹೇಳಬಲ್ಲನು. ಎಲ್ಲರೂ ಓದುತ್ತಾರೆಂದಲ್ಲ, ಓದಿದವರೆಲ್ಲ ಪಾಲಿಸುತ್ತಾರೆಂದೂ ಅಲ್ಲ. ಆದರೂ ತಂದೆಯ ಹೊಲದ ಸೀಸೆಗೆ ಕನ್ನಡ ಬರುತ್ತದೆ. ಮಗಳ ವಿಶ್ವವಿದ್ಯಾಲಯದ ಸೀಸೆಗೆ ಬರುವುದಿಲ್ಲ. ಇದು ನಾವು ನಿಂತು ಯೋಚಿಸಬೇಕಾದ ಸಂಗತಿ.

ಆ ಸೀಸೆಯ ಇಂಗ್ಲಿಷಾದರೂ ಸರಳವೇ? ಹಳೆಯ ಸೀಸೆಗಳ ಮೇಲೆ 'ಇನ್‌ಫ್ಲೇಮಬಲ್' ಎಂದು ಅಚ್ಚಾಗಿರುತ್ತದೆ. ಹೊಸವುಗಳ ಮೇಲೆ 'ಫ್ಲೇಮಬಲ್' ಎಂದಿರುತ್ತದೆ. ಮಾತಿನ ಮೊದಲಿಗೆ 'ಇನ್' ಬಂದರೆ ನಿಷೇಧಾರ್ಥವೆಂದು ಹುಡುಗನು ಇಂಗ್ಲಿಷ್ ವ್ಯಾಕರಣದಲ್ಲಿ ಬಾಯಿಪಾಠ ಮಾಡಿದ್ದಾನೆ. ಆ ಪಾಠವನ್ನು ನಂಬಿ ಆತನು ಮೊದಲನೆಯದನ್ನು 'ಉರಿಯದ ವಸ್ತು' ಎಂದು ತಿಳಿದರೆ ತರ್ಕದಲ್ಲಿ ದೋಷವಿಲ್ಲ. ಆದರೆ ಎರಡು ಮಾತಿಗೂ ಅರ್ಥ ಒಂದೇ: ಸುಲಭವಾಗಿ ಹೊತ್ತಿಕೊಳ್ಳುವುದು. 'ಕರೋಸಿವ್' ಎಂದರೆ ಮೈಯನ್ನೂ ಲೋಹವನ್ನೂ ಕೊರೆದು ತಿನ್ನುವುದು. 'ಆಕ್ಸಿಡೈಸರ್' ಎಂದರೆ, ತಾನು ಉರಿಯದಿದ್ದರೂ ಪಕ್ಕದ ವಸ್ತುವಿನ ಉರಿಗೆ ಆಮ್ಲಜನಕವನ್ನು ಉಣಿಸಿ ಅದನ್ನು ಹೆಚ್ಚಿಸುವುದು. ಹೀಗೆ ಬಿಡಿಸಿ ಹೇಳಲು ಒಂದೊಂದು ವಾಕ್ಯ ಸಾಕು. ಹೇಳದಿದ್ದರೆ ಆ ಮಾತುಗಳು ಪರೀಕ್ಷೆಗೆ ಉರುಹೊಡೆಯುವ ಶಬ್ದಗಳಾಗಿ ಉಳಿಯುತ್ತವೆಯೇ ಹೊರತು ಕೈಯನ್ನು ತಡೆಯುವ ಶಬ್ದಗಳಾಗುವುದಿಲ್ಲ.

ಭಾಷೆಯ ಈ ತೊಡಕನ್ನು ಲೋಕವು ಗುರುತಿಸಿಲ್ಲವೆಂದಲ್ಲ. ವಿಶ್ವಸಂಸ್ಥೆಯು 2003ರಲ್ಲಿ ಪ್ರಕಟಿಸಿದ ಸಮಾನ ವ್ಯವಸ್ಥೆಯಂತೆ ಒಂಬತ್ತು ಚಿತ್ರಗಳು ಈಗ ಬಹು ದೇಶಗಳಲ್ಲಿ ಬಳಕೆಯಲ್ಲಿವೆ. ಕೆಂಪಂಚಿನ ಚೌಕದಲ್ಲಿ ಜ್ವಾಲೆ, ವೃತ್ತದ ಮೇಲಣ ಜ್ವಾಲೆ, ತಲೆಬುರುಡೆ, ಸಿಡಿಯುವ ಗುಂಡು, ಕೈಯನ್ನೂ ಲೋಹವನ್ನೂ ತಿನ್ನುತ್ತಿರುವ ದ್ರವ ಇತ್ಯಾದಿ. ಚಿತ್ರಕ್ಕೆ ಭಾಷೆ ಬೇಡವೆಂಬುದು ಅರ್ಧಸತ್ಯ. ಬರಿಯ ಜ್ವಾಲೆಗೂ ವೃತ್ತದ ಮೇಲಣ ಜ್ವಾಲೆಗೂ ಇರುವ ಅಂತರವನ್ನು ಯಾರಾದರೂ ಒಮ್ಮೆ ಬಾಯಿಬಿಟ್ಟು ಹೇಳಲೇಬೇಕು. ಮೊದಲನೆಯದು ಉರಿಯುವ ವಸ್ತು, ಎರಡನೆಯದು ಉರಿಸುವ ವಸ್ತು. ಎರಡನ್ನೂ ಒಂದೇ ಕಪಾಟಿನಲ್ಲಿ ಇಡಬಾರದು.

ಕಪಾಟಿನ ಮಾತು ಬಂದುದರಿಂದ ಇನ್ನೊಂದು ವಿಚಾರ. ನಿಘಂಟನ್ನು ನಿತ್ಯ ತಿರುವುವ ನಮ್ಮಂಥವರಿಗೆ ಅಕಾರಾದಿಯೇ ಸುವ್ಯವಸ್ಥೆ. ಪ್ರಯೋಗಶಾಲೆಯಲ್ಲಿ ಅದು ಅವ್ಯವಸ್ಥೆಯಾಗಬಲ್ಲದು. ನೈಟ್ರಿಕ್ ಆಮ್ಲವೂ ನೈಟ್ರೋಬೆಂಜೀನೂ ಕನ್ನಡದ ವರ್ಣಮಾಲೆಯಲ್ಲಿಯೂ ಇಂಗ್ಲಿಷಿನದರಲ್ಲಿಯೂ ನೆರೆಹೊರೆಯವು; ಆದರೆ ಅವೆರಡೂ ಬೆರೆತರೆ ಸಿಡಿಯುವ ಮಿಶ್ರಣ. ಪರ್ಮಾಂಗನೇಟೆಂಬ ನೇರಳೆ ಹರಳುಗಳೂ ಮ್ಯಾಂಗನೀಸ್ ಅದಿರಿನಿಂದಲೇ ಹುಟ್ಟಿದವು. ಹಿಂದೆ ಹಳ್ಳಿಗಳ ಬಾವಿಗೆ ಹಾಕುತ್ತಿದ್ದುದು ಅದನ್ನೇ. ಗ್ಲಿಸರಿನ್ನು ಒಡೆದ ತುಟಿಗೆ ಹಚ್ಚುವ ಸೌಮ್ಯ ದ್ರವ. ಬೇರೆ ಬೇರೆಯಾಗಿ ಎರಡೂ ಮನೆಯ ವಸ್ತುಗಳು. ಒಂದನ್ನೊಂದು ಮುಟ್ಟಿದರೆ ಕಡ್ಡಿ ಗೀರದೆಯೇ ಬೆಂಕಿ ಏಳುತ್ತದೆ. ವಸ್ತುವಿನ ಗುಣವನ್ನು ಅದೊಂದನ್ನೇ ನೋಡಿ ನಿರ್ಣಯಿಸಲಾಗದು. ಅದರ ಸಹವಾಸವನ್ನೂ ನೋಡಬೇಕು. ಮನುಷ್ಯರಿಗೆ ಸಲ್ಲುವ ಮಾತು ಇಲ್ಲಿಯೂ ಸಲ್ಲುತ್ತದೆ.

ಹೆಸರಿನಲ್ಲಿಯೇ ಎಚ್ಚರಿಕೆಯನ್ನು ಅಡಗಿಸಿಟ್ಟ ಶಬ್ದಗಳೂ ನಮ್ಮಲ್ಲಿವೆ. ಹಿಂದಿನ ಕನ್ನಡ ಪಠ್ಯಪುಸ್ತಕಗಳು ಹೈಡ್ರೋಜನ್ನನ್ನು ಜಲಜನಕವೆಂದವು: ನೀರನ್ನು ಹಡೆಯುವುದು. ಎಷ್ಟು ತಂಪಾದ ಹೆಸರು! ಆದರೆ ಅದು ನೀರನ್ನು ಹಡೆಯುವುದು ಉರಿದೇ. ಗಾಳಿಯಲ್ಲಿ ನೂರಕ್ಕೆ 4 ಪಾಲಿನಿಂದ 75 ಪಾಲಿನವರೆಗೆ ಎಷ್ಟು ಬೆರೆತಿದ್ದರೂ ಜಲಜನಕವು ಹೊತ್ತಿಕೊಳ್ಳಬಲ್ಲದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹಗಲಿನಲ್ಲಿ ಅದರ ಜ್ವಾಲೆಯು ಕಣ್ಣಿಗೆ ಕಾಣುವುದೇ ಕಷ್ಟ. ಸಿಲಿಂಡರಿನಲ್ಲಿ ತುಂಬಿದಾಗ ಅದರ ಒತ್ತಡವು ನಮ್ಮ ಸುತ್ತಣ ಗಾಳಿಯ ಒತ್ತಡದ ಸುಮಾರು 150 ಪಟ್ಟು. ಸಿಲಿಂಡರನ್ನು ಗೋಡೆಗೆ ಸರಪಳಿಯಿಂದ ಬಿಗಿಯಬೇಕೆನ್ನುವುದು ಇದಕ್ಕಾಗಿ. ಅದು ಉರುಳಿ ಕವಾಟ ಮುರಿದರೆ ಒಳಗಿನ ಅನಿಲವು ನುಗ್ಗುವ ರಭಸಕ್ಕೆ ಕಬ್ಬಿಣದ ಆ ಕೊಳವೆಯೇ ಬಾಣವಾಗುತ್ತದೆ.

ಇದು ಪುಸ್ತಕದ ಭಯವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು 1909ರಲ್ಲಿ ಸ್ಥಾಪಿತವಾದುದು. 1911ರಲ್ಲಿ ಅದು ಬಾಗಿಲು ತೆರೆದಾಗ ರಸಾಯನಶಾಸ್ತ್ರವು ಅಲ್ಲಿನ ಮೊದಲ ವಿಭಾಗಗಳಲ್ಲೊಂದಾಗಿತ್ತು. ಶತಮಾನದ ಅನುಭವವುಳ್ಳ ಅಂತಹ ಸಂಸ್ಥೆಯಲ್ಲಿಯೇ 2018ರ ಡಿಸೆಂಬರ್ 5ರ ಮಧ್ಯಾಹ್ನ, ಆಘಾತತರಂಗಗಳನ್ನು ಕುರಿತು ಸಂಶೋಧನೆ ನಡೆಯುತ್ತಿದ್ದ ಪ್ರಯೋಗಶಾಲೆಯಲ್ಲಿ ಸ್ಫೋಟವಾಯಿತು. ಒಬ್ಬ ಯುವ ಸಂಶೋಧಕನು ಮೃತನಾದನು. ಮೂವರು ತೀವ್ರವಾಗಿ ಗಾಯಗೊಂಡರು. ಜಲಜನಕದ ಸಿಲಿಂಡರು ಸಿಡಿದಿರಬೇಕೆಂದು ಆಗ ವರದಿಯಾಯಿತು. ಅದು ರಸಾಯನಶಾಸ್ತ್ರದ ವಿಭಾಗವಲ್ಲ. ಆದರೆ ಅದೇ ಬಗೆಯ ಸಿಲಿಂಡರುಗಳು ರಾಜ್ಯದ ಎಷ್ಟೋ ಪ್ರಯೋಗಶಾಲೆಗಳ ಮೂಲೆಗಳಲ್ಲಿ ನಿಂತಿವೆ. ವಿದ್ಯಾವಂತರಾದವರಿಗೆ ಅಪಾಯವು ವಿನಾಯಿತಿ ಕೊಡುವುದಿಲ್ಲ ಎಂಬುದನ್ನು ಕಲಿಯಲು ನಮ್ಮ ನಾಡು ದೊಡ್ಡ ಬೆಲೆಯನ್ನೇ ತೆತ್ತಿತು.

ಹೊರನಾಡಿನ ಎರಡು ಪ್ರಸಂಗಗಳೂ ಇಲ್ಲಿ ಸ್ಮರಣೀಯ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಪ್ರಾಧ್ಯಾಪಕಿ ಕ್ಯಾರನ್ ವೆಟರ್‌ಹಾನ್ ಅವರು ವಿಷಲೋಹಗಳ ವಿಷಯದಲ್ಲಿ ಪರಿಣತರು. 1996ರ ಆಗಸ್ಟಿನಲ್ಲಿ ಡೈಮೀಥೈಲ್ ಮರ್ಕ್ಯುರಿ ಎಂಬ ಪಾದರಸದ ಸಂಯುಕ್ತದ ಒಂದೆರಡು ಹನಿ ಅವರ ಕೈಗವಸಿನ ಮೇಲೆ ಬಿದ್ದಿತು. ಗವಸು ಹರಿದಿರಲಿಲ್ಲ, ಅವರು ಅಜಾಗರೂಕರೂ ಆಗಿರಲಿಲ್ಲ. ಆದರೆ ಆ ದ್ರವವು ಲೇಟೆಕ್ಸ್ ಗವಸನ್ನು ಕ್ಷಣಮಾತ್ರದಲ್ಲಿ ದಾಟಬಲ್ಲದೆಂಬುದು ಅದುವರೆಗೆ ತಿಳಿದಿರಲಿಲ್ಲ. ತಿಂಗಳುಗಳ ಬಳಿಕ ನಡಿಗೆ ತಪ್ಪಿತು, ಮಾತು ತೊದಲಿತು. 1997ರ ಜೂನ್ 8ರಂದು ಅವರು ತೀರಿಕೊಂಡರು. ಗವಸು ತೊಟ್ಟರೆ ಸಾಲದು, ಯಾವ ವಸ್ತುವಿಗೆ ಯಾವ ಗವಸೆಂಬುದನ್ನು ತಿಳಿದು ತೊಡಬೇಕೆಂಬುದನ್ನು ಪ್ರಪಂಚವು ಆ ಸಾವಿನಿಂದ ಕಲಿತುಕೊಂಡಿತು. ಎರಡನೆಯದು ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ್ದು. 2008ರ ಡಿಸೆಂಬರ್ 29ರಂದು ಇಪ್ಪತ್ತಮೂರು ವರ್ಷದ ಸಂಶೋಧನಾ ಸಹಾಯಕಿಯೊಬ್ಬಳು ಗಾಳಿ ಸೋಕಿದೊಡನೆ ಉರಿಯುವ ದ್ರವವನ್ನು ಸಿರಿಂಜಿನಲ್ಲಿ ಎಳೆಯುತ್ತಿದ್ದಾಗ ಸಿರಿಂಜಿನ ಕೊಂತ ಕಳಚಿತು. ಆಕೆ ಪ್ರಯೋಗಶಾಲೆಯ ಕೋಟು ತೊಟ್ಟಿರಲಿಲ್ಲ. ಮೈಮೇಲಿದ್ದುದು ಕೃತಕ ನೂಲಿನ ಮೇಲಂಗಿ. ಸುಟ್ಟಗಾಯಗಳಿಂದ ಮುಂದಿನ ತಿಂಗಳಲ್ಲಿ ಆಕೆ ಸತ್ತಳು. ಕೃತಕ ನೂಲು ಉರಿಯುವಾಗ ಕರಗಿ ಚರ್ಮಕ್ಕೆ ಅಂಟುತ್ತದೆ. ಹತ್ತಿಯ ಕೋಟನ್ನು ತೊಡಿರಿ, ದುಪಟ್ಟವನ್ನೂ ಸೆರಗನ್ನೂ ಸಿಕ್ಕಿಸಿರಿ, ಜಡೆಯನ್ನು ಕಟ್ಟಿರಿ, ಬೆರಳು ಕಾಣುವ ಚಪ್ಪಲಿ ಬೇಡ ಎಂದು ಹೇಳುವ ಅಧ್ಯಾಪಕರು ಉಡುಪಿನ ಶಿಸ್ತನ್ನು ವಿಧಿಸುತ್ತಿಲ್ಲ, ಚರ್ಮವನ್ನು ಕಾಯುತ್ತಿದ್ದಾರೆ.

ಕಾರಣವನ್ನು ತಿಳಿಸಲು ದೊಡ್ಡ ಪಾಂಡಿತ್ಯವೂ ಬೇಡ, ಹೊರನಾಡಿನ ದೃಷ್ಟಾಂತವೂ ಬೇಡ. ಎಷ್ಟೋ ಸಲ ಉತ್ತರವು ಮನೆಯ ಒಲೆಯ ಮುಂದೆಯೇ ಇರುತ್ತದೆ. ತೀಕ್ಷ್ಣವಾದ ಗಂಧಕಾಮ್ಲವನ್ನು ನೀರಿಗೆ ಮೆಲ್ಲಮೆಲ್ಲನೆ ಸೇರಿಸಬೇಕು, ಎಂದಿಗೂ ನೀರನ್ನು ಆಮ್ಲಕ್ಕೆ ಸುರಿಯಬಾರದು ಎಂಬ ನಿಯಮವನ್ನು ವಿದ್ಯಾರ್ಥಿಗಳು ತಿರುಗಾಮುರುಗಾ ಮಾಡಿಕೊಳ್ಳುವುದುಂಟು. ಒಗ್ಗರಣೆಯ ಕಾದೆಣ್ಣೆಗೆ ನೀರಿನ ಹನಿ ಬಿದ್ದರೆ ಏನಾಗುತ್ತದೆಂದು ಕೇಳಿ ನೋಡಿರಿ. ಯಾವ ಹುಡುಗಿಯೂ ಹುಡುಗನೂ ತಪ್ಪು ಹೇಳುವುದಿಲ್ಲ. ಆಮ್ಲವೂ ನೀರೂ ಬೆರೆಯುವಾಗ ಬಹಳ ಶಾಖ ಹುಟ್ಟುತ್ತದೆ. ಹಗುರವಾದ ನೀರು ಭಾರವಾದ ಆಮ್ಲದ ಮೇಲೆ ಬಿದ್ದರೆ ಅಲ್ಲಿಯೇ ಕುದಿದು, ಆಮ್ಲವನ್ನೂ ಹೊತ್ತುಕೊಂಡು ಮುಖಕ್ಕೆ ಎರಚುತ್ತದೆ. ಎಣ್ಣೆಗೆ ಕಾವು ಒಲೆಯಿಂದ ಬಂದುದು, ಇಲ್ಲಿ ಕಾವು ಬೆರಕೆಯಿಂದಲೇ ಹುಟ್ಟಿದುದು, ಉಳಿದುದೆಲ್ಲ ಒಂದೇ. ಹೀಗೆ ಕೇಳಿದವನು ಆ ನಿಯಮವನ್ನು ಆಮೇಲೆ ಮರೆಯಲಾರನು. ಒಂದು ವೇಳೆ ಹನಿಯು ಕಣ್ಣಿಗೆ ಸಿಡಿದರೆ ಕೂಡಲೆ ಕಣ್ಣನ್ನು ತೆರೆದು ಹಿಡಿದು ಹರಿಯುವ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆಯಬೇಕು. ವೈದ್ಯರ ಬಳಿಗೆ ಓಡುವುದು ಆಮೇಲೆ. ತೊಳೆಯದೆ ಓಡಿದ ದಾರಿಯುದ್ದಕ್ಕೂ ಆಮ್ಲವು ತನ್ನ ಕೆಲಸವನ್ನು ಮಾಡುತ್ತಲೇ ಇರುತ್ತದೆ.

ಪ್ರಯೋಗಶಾಲೆಯ ಅಪಾಯವು ಅದರ ಗೋಡೆಗಳೊಳಗೇ ನಿಲ್ಲುವುದೂ ಇಲ್ಲ. ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಬಹುಕಾಲ ಬಳಕೆಯಿಲ್ಲದೆ ಬಿದ್ದಿದ್ದ, ಕೋಬಾಲ್ಟ್-60 ಎಂಬ ವಿಕಿರಣವಸ್ತುವನ್ನು ಒಳಗೊಂಡಿದ್ದ ಯಂತ್ರವೊಂದನ್ನು 2010ರಲ್ಲಿ ಹಳೆಯ ಸಾಮಾನಿನೊಡನೆ ಹರಾಜು ಹಾಕಲಾಯಿತು. ಮಾಯಾಪುರಿಯ ಗುಜರಿ ಅಂಗಡಿಯಲ್ಲಿ ಅದನ್ನು ಒಡೆದು ಬಿಡಿಸಿದ ಕೆಲಸಗಾರರಿಗೆ ಒಳಗಿರುವುದೇನೆಂದು ಯಾರೂ ಹೇಳಿರಲಿಲ್ಲ. ಹಲವರು ಆಸ್ಪತ್ರೆ ಸೇರಿದರು, ಒಬ್ಬನು ಸತ್ತನು. ಆತನು ಯಾವ ವಿಶ್ವವಿದ್ಯಾಲಯದ ವಿದ್ಯಾರ್ಥಿಯೂ ಅಲ್ಲ. ಹೆಸರಿಲ್ಲದ ಸೀಸೆಯನ್ನು ಕಸದ ಬುಟ್ಟಿಗೆ ಹಾಕುವವನೂ, ಉಳಿದ ದ್ರವವನ್ನು ತೊಟ್ಟಿಗೆ ಚೆಲ್ಲುವವನೂ ಇದನ್ನು ನೆನೆಯಬೇಕು. ನಾಳೆ ಬೆಳಿಗ್ಗೆ ಗುಡಿಸಲು ಬರುವ ಹೆಂಗಸಿಗೆ ಆ ಸೀಸೆಯು ಏನನ್ನೂ ಹೇಳದು.

ಈಗ ಮತ್ತೆ ವ್ಯಾಕರಣಕ್ಕೆ ಬರುತ್ತೇನೆ. ಅವಘಡವಾದ ಮೇಲೆ ನಮ್ಮ ವಾಕ್ಯಗಳು ಹೇಗಿರುತ್ತವೆಂಬುದನ್ನು ಗಮನಿಸಬೇಕು. 'ಸೀಸೆ ಒಡೆಯಿತು.' 'ಆಮ್ಲ ಚೆಲ್ಲಿತು.' 'ಆಕಸ್ಮಿಕ ಸಂಭವಿಸಿತು.' ಸೀಸೆ ತಾನಾಗಿ ಒಡೆಯಿತೇ? ಈ ವಾಕ್ಯಗಳಲ್ಲಿ ಮಾಡಿದವನಿಲ್ಲ. ನಮ್ಮ ನುಡಿಯ ಈ ಜಾಡಿನಲ್ಲಿ ಒಂದು ದಾಕ್ಷಿಣ್ಯವಿದೆ. ಸಂಸಾರದಲ್ಲಿ ಅದು ಒಳ್ಳೆಯದೇ. ಪ್ರಯೋಗಶಾಲೆಯಲ್ಲಿ ಅದು ಪಾಠವನ್ನೇ ಅಳಿಸಿಬಿಡುತ್ತದೆ. ಯಾರು, ಯಾವುದನ್ನು, ಎಷ್ಟು, ಯಾವ ಕ್ರಮದಲ್ಲಿ ಬೆರೆಸಿದರು ಎಂಬುದನ್ನು ಕರ್ತರಿ ಪ್ರಯೋಗದಲ್ಲಿ ಬರೆದಿಟ್ಟರೆ ಮಾತ್ರ ಮುಂದಿನ ತಂಡವು ಅದೇ ಹಳ್ಳಕ್ಕೆ ಬೀಳುವುದಿಲ್ಲ. ಗಾಯವಾಗದೆ ತಪ್ಪಿಹೋದ ಅವಘಡವನ್ನೂ ಹಾಗೆಯೇ ಬರೆದಿಡಬೇಕು. ಅದು ಬಿಟ್ಟಿಯಾಗಿ ಸಿಕ್ಕ ಎಚ್ಚರಿಕೆ.

ಆದರೆ 'ನಾನು ಬೀಳಿಸಿದೆ' ಎಂದು ಹೇಳಲು ಹುಡುಗನಿಗೆ ಧೈರ್ಯ ಬರಬೇಕಾದರೆ ಆ ಮಾತಿಗೆ ದಂಡವೂ ನಗೆಯೂ ಇರಬಾರದು. ಒಡೆದ ಗಾಜಿನ ಬೆಲೆಯನ್ನು ವಸೂಲು ಮಾಡುವ ಭಯ, ಇಂಗ್ಲಿಷ್ ತಪ್ಪಿದರೆ ಪಕ್ಕದವರು ನಕ್ಕಾರೆಂಬ ಸಂಕೋಚ, ಅಧ್ಯಾಪಕರ ಮುಖ ಗಂಟಾದೀತೆಂಬ ಅಳುಕು – ಈ ಮೂರೂ ಸೇರಿ ಹಳ್ಳಿಯ ಮಕ್ಕಳ ಬಾಯನ್ನು ಕಟ್ಟುತ್ತವೆ. 'ಸಾರ್, ಈ ಮಾತಿನ ಅರ್ಥವೇನು?' ಎಂಬ ಪ್ರಶ್ನೆಯು ಗಂಟಲಲ್ಲಿಯೇ ಉಳಿಯುತ್ತದೆ. ಕೈ ಮಾತ್ರ ಮುಂದುವರಿಯುತ್ತದೆ. ಪ್ರಯೋಗಶಾಲೆಯ ಎಲ್ಲ ವಿಷಗಳಿಗಿಂತ ಈ ಮೌನವನ್ನೇ ನಾನು ಹೆಚ್ಚು ಅಪಾಯಕರವೆಂದು ಎಣಿಸುತ್ತೇನೆ, ಏಕೆಂದರೆ ಅದಕ್ಕೆ ಯಾವ ಚಿಹ್ನೆಯೂ ಇಲ್ಲ. ಗಣಿಯಲ್ಲಿ ಬಂಡೆಗೆ ಸಿಡಿಮದ್ದು ಹಾರಿಸುವ ಮುನ್ನ ಎಚ್ಚರಿಕೆಯ ಕೂಗು ಹೊರಡುತ್ತದೆ. ಅದನ್ನು ಕೇಳಿ ನಿಲ್ಲುವವನನ್ನು ಸಂಡೂರಿನಲ್ಲಿ ಯಾರೂ ಹೇಡಿಯೆನ್ನುವುದಿಲ್ಲ. ಕೇಳಿ ತಿಳಿದು ಕೈ ಹಾಕುವ ವಿದ್ಯಾರ್ಥಿಯೂ ದಡ್ಡನಲ್ಲ.

ಮಾಡಬೇಕಾದುದು ಹೆಚ್ಚೇನಿಲ್ಲ. ಕಾಲೇಜಿನ ಕಪಾಟಿನಲ್ಲಿರುವ ವಸ್ತುಗಳನ್ನು ಪಟ್ಟಿ ಮಾಡಿ, ಒಂದೊಂದಕ್ಕೂ ನಾಲ್ಕು ವಾಕ್ಯಗಳ ಕನ್ನಡ ಚೀಟಿಯನ್ನು ಬರೆಯಬಹುದು: ಇದು ಏನು, ಏನು ಮಾಡೀತು, ಯಾವುದರ ಜೊತೆ ಸೇರಬಾರದು, ಮೈಮೇಲೆ ಬಿದ್ದರೆ ಮೊದಲು ಮಾಡಬೇಕಾದುದೇನು. ಸೀಸೆಯ ಮೇಲಿನ ಇಂಗ್ಲಿಷ್ ಹೆಸರು ಅಲ್ಲಿಯೇ ಇರಲಿ. ಲೋಕದೊಡನೆ ವ್ಯವಹರಿಸಲು ಅದು ಬೇಕು. ಅದರ ಪಕ್ಕದಲ್ಲಿ ನಮ್ಮ ಮಾತೂ ಇರಲಿ. ರಸಾಯನಶಾಸ್ತ್ರದ ಅಧ್ಯಾಪಕರೂ ಕನ್ನಡದ ಅಧ್ಯಾಪಕರೂ ಕೆಲವು ಸಂಜೆ ಒಟ್ಟಿಗೆ ಕುಳಿತರೆ ಆಗುವ ಕೆಲಸವಿದು. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಒಂದು ಶತಮಾನದ ಹಿಂದೆಯೇ 'ವಿಜ್ಞಾನ' ಪತ್ರಿಕೆಯನ್ನು ನಡೆಸಿ, ಕನ್ನಡಕ್ಕೆ ಶಾಸ್ತ್ರವನ್ನು ಹೊರುವ ಶಕ್ತಿಯುಂಟೆಂದು ತೋರಿಸಿದರು. ಅಂದು ಪ್ರಶ್ನೆಯು ಜ್ಞಾನದ್ದಾಗಿತ್ತು. ಪ್ರಯೋಗಶಾಲೆಯ ಬಾಗಿಲಿನಲ್ಲಿ ಇಂದು ಅದು ಪ್ರಾಣದ್ದೂ ಆಗಿದೆ.

ಚೋರನೂರಿನಂತಹ ಊರಿನಿಂದ ಮಗಳನ್ನು ವಿಶ್ವವಿದ್ಯಾಲಯಕ್ಕೆ ಕಳುಹುವ ತಂದೆತಾಯಿಗಳು ಆಕೆ ಏನನ್ನು ಓದುತ್ತಾಳೆಂಬುದನ್ನು ಅರಿಯದಿರಬಹುದು. ಆಕೆ ಪದವಿಯೊಡನೆ ಎರಡು ಕಣ್ಣುಗಳನ್ನೂ ಹತ್ತು ಬೆರಳುಗಳನ್ನೂ ಮರಳಿ ತರುತ್ತಾಳೆಂದು ಅವರು ನಂಬಿರುತ್ತಾರೆ. ಆ ನಂಬಿಕೆಗೆ ನಾವು ಹೊಣೆ. ಸೀಸೆಯ ಮೇಲಣ ಹೆಸರನ್ನು ಆಕೆಗೆ ತಿಳಿಯುವಂತೆ ಹೇಳುವುದು ಆ ಹೊಣೆಯ ಮೊದಲ ಕಂತು.